ಹಿಂದಿನ ಪದರ

ಬೆಳಿಗ್ಗೆ ಹತ್ತಕ್ಕ ಲಕಮನಹಳ್ಳಿಯ ಲ್ಯಾಬಿನಾಗ
ಗಾಜಿನ ನಳಿಗಿ ಮುರಿಯೂದು ನನ್ನ ಮೊದಲ ಕೆಲಸ.
ಬೆರಳಷ್ಟು ಉದ್ದ, ಪೆನ್ಸಿಲ್ಲಿನಷ್ಟು ದಪ್ಪ,
ಒಳಗ ಸಾಸವಿಯಂಥ ಇದ್ದಲಿ ಕಾಳು:
ತೆಂಗಿನ ಚಿಪ್ಪು ಸುಟ್ಟು, ಮತ್ತ ಉಗಿಯಾಗ ಕಾಸಿ
ಮೈಯೆಲ್ಲಾ ತೂತು ಮಾಡಿಕೊಂಡದ್ದು.
ಸಿಕ್ಕದ್ದನ್ನ ಹಿಡಕೊಳ್ಳೂದು ಅದರ ಹಸಿವಿ.
ಬಿಡಿಸೂದು ನನ್ನ ನೌಕರಿ.

ಇವತ್ತಿನ ಆರನೇದು ಹಜರೇಸಾಬ ನದಾಫರದು.
ಗೋಕುಲ ರೋಡಿನಾಗ ಬಸ್ ಬಾಡಿ ಕಟ್ಟೂ ಶೆಡ್ಡು,
ಇಪ್ಪತ್ತೆರಡು ವರ್ಷದಿಂದ ಅಲ್ಲಿ ಸ್ಪ್ರೇ ಗನ್ ಹಿಡದಾರ.
ಸೋಮವಾರ ಅವರ ಕಾಲರಿಗೆ ನಾನಽ ಇದನ್ನ ಸಿಗಿಸಿದ್ದೆ,
ಸೊಂಟಕ್ಕ ಸಣ್ಣ ಪಂಪು ಕಟ್ಟಿ.
ಗದ್ದ ಇಳಿಸಿ ನೋಡಿದರು. ಕಾಳಿನ ಹಿಂದಮುಂದ ತುರುಕಿದ
ಗಾಜಿನ ನಾರಿನ ಬಿಳಿ ಉಂಡಿ ಕಂಡು
"ಒಳಗ ಅರಳಿ ಇಟ್ಟೀರಲ್ಲ ಬಾಯಾರ!
ನಮ್ಮಜ್ಜ ಹಿಂಜಿದ್ದೇನು ಇದು?"
ಅಜ್ಜ ಗಾದಿ ಹಿಂಜಾವ. ಕೆಮ್ಮಿದರ ಅರಳಿ ಬರತಿತ್ತಂತ,
ಅದನ್ನೂ ನಕ್ಕೋತಽ ಹೇಳಿದರು.
"ಇದು ನನ್ನ ಉಸರು ಹಿಡಿತೈತೇನ್ರಿ?"
ಇಲ್ಲ, ನಿಮ್ಮ ಉಸರಾಗೂಕಿಂತ
ಒಂದು ಗೇಣು ಮೊದಲಿನ ಗಾಳಿ, ಅಂದೆ.
"ಹಂಗಾರ ಇದೂ ನಾನೂ ಒಂದಽ ತಾಟಿನಾಗ ಉಣ್ಣಾವರು"
ಅಂದು, ಮಾಸ್ಕಿನ ಬದಲಿ ಕರವಸ್ತ್ರ ಕಟಗೊಂಡು
ಬಸ್ಸಿನ ಆ ಮಗ್ಗಲಿಗೆ ಹೋದರು.

ಅರ ತಿಕ್ಕಿ ಹೆಬ್ಬಟ್ಟು ಒತ್ತಿದರ ಟಿಕ್ ಅಂತ ಮುರೀತೈತಿ.
ಕೊಕ್ಕಿ ತಂತೀಲೆ ನಾರು ಎಳದು
ಮುಂದಿನ ಪದರ ಒಂದು ಸೀಸೆಗೆ, ನೂರು ಮಿಲಿಗ್ರಾಂ.
ಹಿಂದಿನದು ಇನ್ನೊಂದಕ್ಕ, ಅದರ ಅರ್ಧ.
ಮ್ಯಾಲ ಒಂದೊಂದು ಮಿಲಿ ಕಾರ್ಬನ್ ಡೈಸಲ್ಫೈಡ್.
ಕೊಳೆತ ಮೂಲಂಗಿ ವಾಸನಿ,
ಬರೇ ಬಿಸಿ ಕೊಳವಿ ಮುಟ್ಟಿದರೂ ಭಗ್ ಅನ್ನೂ ಸಿಟ್ಟು;
ಗಾಜಿನ ಪರದಿ ಮೊಣಕೈತನಕ ಇಳಿಸಿಕೊಂಡು ಹಾಕಬೇಕು.
ಸೀಸೆ ಒಂದು ಗಳಿಗಿ ಬೆಚ್ಚಗಾಗತೈತಿ.
ಹಳೇದನ್ನ ಬಿಟ್ಟು ಹೊಸಾದನ್ನ ಅಪ್ಪಿಕೊಳ್ಳೂ ಬಿಸಿ ಅದು.
ಆಮ್ಯಾಲ ಅರ್ಧ ತಾಸು, ನಡುನಡುವ ಅಲಗಾಡಿಸೋತ.

ನಮ್ಮ ಸೋದರತ್ತಿ ದುರ್ಗದ ಬೈಲಿನಾಗ
ಬಂಗಾರದ ಅಂಗಡಿ ಮುಂದ ನಸುಕಿನ್ಯಾಗ ಕಸ ಗುಡಿಸಿ ಒಯ್ದು,
ಮರಿಗಿಯೊಳಗ ತೊಳದು ತೊಳದು
ಗುಲಗಂಜಿ ತೂಕ ತಗೀತಿದ್ದಳು.
"ಧೂಳಿಗೂ ಒಂದು ಪಾಲು ಐತಿ, ಅದನ್ನ ಕೇಳಬ್ಯಾಡ" ಅಂತಿದ್ದಳು.
ನಾವು ಕೇಳತೇವಿ. ಅಳದಷ್ಟು ಟೊಲ್ಯೂಯಿನ್ ಹೊಸಾ ಇದ್ದಲಿಗೆ ಕುಡಿಸಿ
ಎಷ್ಟು ತಿರುಗಿ ಕೊಟ್ಟಿತು ಅಂತ ನೋಡತೇವಿ.
ನೂರಕ್ಕ ತೊಂಬತ್ತಾರು.
ಉಳದ ನಾಕು ಭಾಗಾಕಾರದಾಗಷ್ಟಽ ತಿರುಗಿ ಬರತಾವ.

ಸೂಜಿಲೆ ಹನಿಯೊಳಗಿನ ಹನಿ ಯಂತ್ರಕ್ಕ ಚುಚ್ಚಿದೆ.
ಗೆರಿ ನೆಲ ಹಿಡದು ಬಂತು.
ನಾಕನೇ ನಿಮಿಷಕ್ಕ ಬೆಂಜೀನ್, ಹುಲ್ಲಿನ ಎಸಳಷ್ಟು.
ಆರಕ್ಕ ಟೊಲ್ಯೂಯಿನ್ ಎದ್ದಿತು ನೋಡ್ರಿ,
ಪರದೆ ತಲಿ ದಾಟಿ ಹೋತು.
ಅದಕ್ಕ ನಾ ಹೆದರಲಿಲ್ಲ. ಹೆದರಿದ್ದು ಎರಡನೇ ಸೀಸೆಗೆ.

ಹಿಂದಿನ ಪದರ ಇರೂದು ಕಾವಲಿಗೆ.
ಅದು ಹಸಿದಽ ಮನಿಗೆ ಬರಬೇಕು.
ಮುಂದಿನದರ ಹತ್ತರಾಗ ಒಂದು ಪಾಲು ಅದರಾಗ ಸಿಕ್ಕರ
ನಮೂನಿ ರದ್ದು.
ಇಲ್ಲಿ ಸಿಕ್ಕದ್ದು ಮೂರು.

ರದ್ದು ಅಂದ್ರ ಸುಳ್ಳು ಅಂತಲ್ಲ.
ಇದಕ್ಕಿಂತ ಹೆಚ್ಚಿತ್ತು, ಎಷ್ಟಂತ ಇದ್ದಲಿಗೂ ತಿಳೀಲಿಲ್ಲ ಅಂತ.
ಆ ಮಾತಿಗೆ ವರದಿಯೊಳಗ ಕಾಲಂ ಇಲ್ಲ.
"ನಮೂನೆ ಅಮಾನ್ಯ. ಪುನಃ ಸಂಗ್ರಹಿಸತಕ್ಕದ್ದು."
ಬರದು ಸಹಿ ಹಾಕಿದೆ, ಸು. ಪತ್ತಾರ.
ಮುಂದಿನ ಸಲ ನಾ ಬರೂದು ಮ್ಯಾನೇಜರಿಗೆ ಮೊದಲಽ ಗೊತ್ತಿರತೈತಿ:
ಶೆಡ್ಡಿನ ಎರಡೂ ಬಾಗಲಾ ಹಾರ ಹೊಡದಿರತಾವ,
ಬಾಡಿಗಿ ಫ್ಯಾನು ತಿರುಗತಿರತೈತಿ,
ಅವತ್ತು ಒಂದಽ ಬಸ್ಸಿಗೆ, ಅದೂ ಬಂಪರಿಗಷ್ಟ ಬಣ್ಣ.

ಸಂಜಿಮುಂದ ಹುಬ್ಬಳ್ಳಿಗೆ ಹೊಂಟ ಬಸ್ಸಿನಾಗ ಕುಂತೆ.
ಹೊಸಾ ಬಣ್ಣದ ಘಾಟು ಇನ್ನೂ ಆರಿಲ್ಲ.
ಪಂಪು ಬಿಚ್ಚೂಮುಂದ ನಾ ಅವರನ್ನ ಕೇಳಿದ್ದೆ,
ಮನಿಗೆ ಹೋದ ಮ್ಯಾಲ ವಾಸನಿ ಎಷ್ಟೊತ್ತಿಗೆ ಹೋಗತೈತಿ ಅಂತ.
"ಮಸ್ಕಿರಿ ಮಾಡತೀರೇನು? ಐತವಾರ ಸೈತ ದಿಂಬು ನಾರತೈತಿ.
ತವರಿಗೆ ಹೋದರ ನಮ್ಮಾಕಿಗೆ
ಆ ವಾಸನಿ ಇಲ್ಲದ ನಿದ್ದಿ ಬರೂದಿಲ್ಲಂತ."

ದಿಂಬಿನಾಗಿಂದು ಅರಳಿ. ಅಜ್ಜನ ಬಿಲ್ಲಿಲೆ ಹಿಂಜಿದ್ದು.
ಉಣಕಲ್ ಕೆರಿ ದಾಟಿತು.
ಅದನ್ನ ಯಾವ ಸೀಸೆಗೆ ಹಾಕಲಿ.